ಬೇಸಿಗೆ ರಜೆಯ ಪುಟದಲ್ಲಿ ಗಂಟೆಯನ್ನೂ ಬರೆಯಿರಿ

ಮಾನ್ಯ ಸಂಪಾದಕರೇ,

ಏಪ್ರಿಲ್ ಬಂತೆಂದರೆ ಪತ್ರಿಕೆಗಳಲ್ಲಿ ರಜೆಯ ಪುಟಗಳು ಶುರುವಾಗುತ್ತವೆ. ಮಡಿಕೇರಿ, ಚಿಕ್ಕಮಗಳೂರು, ಊಟಿ. ಕಲಬುರಗಿಯಲ್ಲಿ ಕೂತು ಓದುವ ನಮ್ಮಂಥವರಿಗೆ ಅವೆಲ್ಲ ಬರೀ ನೋಡಿ ಮಡಚಿಡುವ ಚಿತ್ರಗಳು. ಹೋಗಲಿಕ್ಕೇ ಒಂದು ರಾತ್ರಿ, ಬರಲಿಕ್ಕೆ ಇನ್ನೊಂದು ರಾತ್ರಿ. ಮನೆಮಂದಿಯೆಲ್ಲ ಹೊರಟರೆ ಆಗುವ ಖರ್ಚಿನಲ್ಲಿ ಒಂದು ತಿಂಗಳ ಸಂಸಾರ ನಡೆಯುತ್ತದೆ.

ಈ ಸಲ ಒಂದು ಪುರವಣಿಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ತಾಣಗಳ ಪಟ್ಟಿ ಬಂದಿತ್ತು. ಖುಷಿಯಿಂದಲೇ ಓದಲು ಕೂತೆ. ಮೊದಲಿಗೇ ಚಿಂಚೋಳಿ ಕಡೆಯ ಎತ್ತಿಪೋತ ಜಲಪಾತ! ಮಳೆಗಾಲದಲ್ಲಿ ತೆಗೆದ ಫೋಟೊ. ಬಂಡೆ ಮೇಲಿಂದ ಧುಮುಕುವ ನೀರು, ಸುತ್ತ ಹಸಿರು. ಮೇ ತಿಂಗಳಲ್ಲಿ ಅದನ್ನು ನಂಬಿ ಮಕ್ಕಳನ್ನು ಕಟ್ಟಿಕೊಂಡು ಹೋದವರು ಏನು ನೋಡಬೇಕು? ಕಾದ ಬಂಡೆ ನೋಡಿ ತಿರುಗಿ ಬರಬೇಕಷ್ಟೆ. ಬರೆದವರು ಬೇಸಿಗೆಯಲ್ಲಿ ಈ ಕಡೆ ಬಂದೇ ಇಲ್ಲ ಅನ್ನುವುದು ಗೊತ್ತಾಗಿಹೋಗುತ್ತದೆ.

ಅದಕ್ಕೇ ಈ ಪತ್ರ. ನಮ್ಮ ಭಾಗದಲ್ಲಿ ಬೇಸಿಗೆ ಪ್ರವಾಸ ಆಗುವುದಿಲ್ಲ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಆರಾಮಾಗಿ ಆಗುತ್ತದೆ. ಆದರೆ ಇಲ್ಲಿ ಎಲ್ಲಿಗೆ ಹೋಗಬೇಕು ಅನ್ನುವುದಕ್ಕಿಂತ ಎಷ್ಟು ಗಂಟೆಗೆ ಹೋಗಬೇಕು ಅನ್ನುವುದೇ ದೊಡ್ಡದು. ಅದನ್ನು ಮಾತ್ರ ಯಾರೂ ಬರೆಯುವುದಿಲ್ಲ. ಊರು, ಕಿಲೋಮೀಟರು, ಸಮೀಪದ ರೈಲು ನಿಲ್ದಾಣ ಎಲ್ಲ ಇರುತ್ತವೆ. ನೆರಳು ಎಲ್ಲಿದೆ, ನೀರು ಎಲ್ಲಿ ಸಿಗುತ್ತದೆ, ಎಷ್ಟು ಗಂಟೆಯೊಳಗೆ ಅಲ್ಲಿಂದ ಎದ್ದು ಬರಬೇಕು, ಇವು ಇರುವುದಿಲ್ಲ.

ನಾನು ಶಹಾಬಜಾರದಲ್ಲಿ ಬಟ್ಟೆ ಹೊಲಿಯುವವಳು. ನಮ್ಮ ಮನೆಯವರು ಒಂದು ಬೇಳೆ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ನನ್ನ ಕಸುಬಿನಲ್ಲಿ ಬೇಸಿಗೆ ಅಂದರೆ ಮೊದಲು ಮದುವೆ ಬ್ಲೌಸುಗಳು, ಆಮೇಲೆ ಶಾಲೆ ಯೂನಿಫಾರ್ಮು. ಬಸವ ಜಯಂತಿ ಮುಗಿದ ಮೇಲೆ, ಶಾಲೆ ಬಾಗಿಲು ತೆರೆಯುವ ಮುಂಚೆ, ನಡುವೆ ಸ್ವಲ್ಪ ಉಸಿರು ಬಿಡಲು ಸಿಗುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಬೆಂಗಳೂರಿನಿಂದ ಮೈದುನನ ಸಂಸಾರ ಬಂದಿಳಿಯುತ್ತದೆ. ಹೊರಗೆ 43 ಡಿಗ್ರಿ. ಮಕ್ಕಳೆಲ್ಲ ಕೂಲರ್ ಮುಂದೆ ಮೊಬೈಲ್ ಹಿಡಿದು ಕೂರುತ್ತವೆ. ನೆಗೆಣ್ಣಿಯದು ಒಂದೇ ಮಾತು: "ಇಲ್ಲಿ ನೋಡೋಕೇನಿದೆ ಅಕ್ಕಾ, ಬರೀ ಬಿಸಿಲು."

ಆ ಮಾತು ಚುಚ್ಚಿದ್ದಕ್ಕೇ ಬೀದರ್ ಪ್ಲಾನ್ ಮಾಡಿದ್ದು. ಕಲಬುರಗಿ ಸಮುದ್ರಮಟ್ಟದಿಂದ 1,500 ಅಡಿಯ ಆಸುಪಾಸಿನಲ್ಲಿದೆ. ಬೀದರ್ ಸುಮಾರು 2,200 ಅಡಿ. ಅಷ್ಟು ಎತ್ತರಕ್ಕೆ ಎರಡು ಮೂರು ಡಿಗ್ರಿ ಕಡಿಮೆ, ಮುಖ್ಯವಾಗಿ ರಾತ್ರಿ ಗಾಳಿ ತಣ್ಣಗೆ. ಬಹಮನಿ ಸುಲ್ತಾನ ಅಹ್ಮದ್ ಶಾ 1420ರ ದಶಕದಲ್ಲಿ ರಾಜಧಾನಿಯನ್ನೇ ಕಲಬುರಗಿಯಿಂದ ಬೀದರಿಗೆ ಎತ್ತಿಕೊಂಡು ಹೋದ. ಅಲ್ಲಿಯ ಹವೆ ಒಳ್ಳೆಯದು ಅನ್ನುವುದೂ ಅದಕ್ಕೆ ಒಂದು ಕಾರಣವಂತೆ. ಸುಲ್ತಾನ ಗಂಟುಮೂಟೆ ಕಟ್ಟಿದ ಮೇಲೆ ನಾವು ಶನಿವಾರ ಭಾನುವಾರಕ್ಕಾದರೂ ಹೋಗಬಾರದೇ?

ಹೋಗುವುದು ಸುಲಭ. 2017ರಿಂದ ಕಲಬುರಗಿ–ಬೀದರ್ ರೈಲು ಇದೆ, 110 ಕಿಲೋಮೀಟರ್ ದಾರಿ. ಬಸ್ಸೂ ಬೇಕಾದಷ್ಟಿವೆ. ನಾವು ಬಸ್ಸೇ ಹಿಡಿದೆವು. ಸಾದಾ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ದುಡ್ಡಿಲ್ಲ, ಅತ್ತೆ, ನಾನು, ನೆಗೆಣ್ಣಿ, ಮಗಳು ಎಲ್ಲ ಶಕ್ತಿ ಯೋಜನೆಯಲ್ಲೇ ಹೋಗಿಬಿಟ್ಟೆವು. ಗಂಡಸರು ಮಾತ್ರ ಜೇಬಿಗೆ ಕೈ ಹಾಕಿದರು. ಹೊರಟಿದ್ದು ಸಂಜೆ ಹೊತ್ತಿಗೆ, ಬಿಸಿಲು ಇಳಿದ ಮೇಲೆ. ನನ್ನ ಮೊದಲನೇ ಸಲಹೆ ಇದೇ. ಬೆಳಿಗ್ಗೆ ಎದ್ದು ಅಡುಗೆ ಮಾಡಿ, ಮಕ್ಕಳನ್ನು ತಯಾರು ಮಾಡಿ, ಒಂಬತ್ತಕ್ಕೆ ಬಸ್ ಹತ್ತಿದರೆ ಬೀದರಿನಲ್ಲಿ ಇಳಿಯುವುದು ನಡುಮಧ್ಯಾಹ್ನಕ್ಕೆ. ಕೋಟೆ ಕಾಣುವ ಮೊದಲೇ ತಲೆ ಸುತ್ತುತ್ತದೆ. ಹಿಂದಿನ ಸಂಜೆಯೇ ಹೋಗಿ ಮಲಗಿಬಿಡಬೇಕು. ದಾರಿಯಲ್ಲಿ ಕಮಲಾಪುರ ಬರುತ್ತದೆ, ಅಲ್ಲಿಯ ಕೆಂಪು ಬಾಳೆಹಣ್ಣು ತಗೊಳ್ಳಿ. ನಮ್ಮ ಬೆಂಗಳೂರು ಹುಡುಗ ಅದಕ್ಕೆ ಬಣ್ಣ ಹಚ್ಚಿದ್ದಾರೆ ಅಂತ ಉಗುರಿನಿಂದ ಕೆರೆದು ನೋಡಿದ.

ಬುತ್ತಿ ವಿಷಯ ಒಂದು ಮಾತು. ಬೇಸಿಗೆಯಲ್ಲಿ ಚಿತ್ರಾನ್ನ, ಮೊಸರನ್ನ ಕಟ್ಟಬೇಡಿ, ಮಧ್ಯಾಹ್ನದೊಳಗೆ ಹಳಸುತ್ತವೆ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಸಾಕು. ಮಜ್ಜಿಗೆ ಎಲ್ಲ ಕಡೆ ಸಿಗುತ್ತದೆ. ಅತ್ತೆ ಸೆರಗಿನ ತುದಿಗೂ ಒಂದು ಸಣ್ಣ ಉಳ್ಳಾಗಡ್ಡಿ ಕಟ್ಟಿಕೊಂಡಿದ್ದರು, ಝಳ ಬಡಿಯುವುದಿಲ್ಲವಂತೆ. ನಾನು ಓಆರ್‌ಎಸ್ ಪಾಕೀಟು ಇಟ್ಟುಕೊಂಡಿದ್ದೆ. ಯಾವುದು ಕೆಲಸ ಮಾಡಿತೋ, ಯಾರಿಗೂ ಏನೂ ಆಗಲಿಲ್ಲ.

ಕೋಟೆಗೆ ಹೊರಟಾಗ ಇನ್ನೂ ಸೂರ್ಯ ಹುಟ್ಟಿರಲಿಲ್ಲ. ಬೀದರಿನ ಮಂದಿ ಅಲ್ಲಿ ವಾಕಿಂಗ್ ಬಂದಿದ್ದರು. ಶರ್ಜಾ ದರ್ವಾಜದ ಮೇಲೆ ಕೆತ್ತಿದ ಹುಲಿಗಳನ್ನು ತೋರಿಸಿದ್ದೇ ತಡ, ಮಕ್ಕಳ ನಿದ್ದೆ ಹಾರಿಹೋಯಿತು. ಆ ಹೊತ್ತಿನಲ್ಲಿ ಕೋಟೆಯ ಕೆಂಪು ಜಂಬಿಟ್ಟಿಗೆ ಕಲ್ಲು ಮುಟ್ಟಿದರೆ ತಣ್ಣಗಿರುತ್ತದೆ. ಅದೇ ಕಲ್ಲಿನ ಮೇಲೆ ಹನ್ನೊಂದಕ್ಕೆ ಕೈ ಇಟ್ಟು ನೋಡಿ, ಚುರ್ ಅನ್ನುತ್ತದೆ. ಬಂಡೆಯನ್ನೇ ಕಡಿದು ಮೂರು ಸಾಲಿನಲ್ಲಿ ಕಂದಕ ಮಾಡಿದ್ದಾರೆ, ಸಾಲಿನ ನಡುವೆ ಬಂಡೆಯ ಗೋಡೆ ಹಾಗೇ ಬಿಟ್ಟಿದ್ದಾರೆ. ಮೊದಲನೆಯದು ದಾಟಿದ ಶತ್ರು ಎರಡನೆಯದರಲ್ಲಿ ಬೀಳುತ್ತಿದ್ದ ಅಂತ ನಮ್ಮವರು ಹೇಳಿದರು. ಹುಡುಗರು ಅಲ್ಲೇ ಯುದ್ಧ ಶುರುಮಾಡಿದರು. ಸೋಲಾ ಖಂಬಾ ಮಸೀದಿ 1423–24ರದ್ದು, ಒಳಗೆ ದಪ್ಪ ದಪ್ಪ ಕಂಬಗಳ ಸಾಲು. ಅತ್ತೆ ಅಲ್ಲೇ ನೆರಳಿನ ಕಲ್ಲಿನ ಮೇಲೆ ಕೂತು, "ಇಲ್ಲೇ ಇರ್ತೀನಿ, ನೀವು ತಿರುಗಿ ಬರ್ರಿ" ಅಂದುಬಿಟ್ಟರು.

ರಂಗೀನ್ ಮಹಲ್ ಒಳಗೆ ಹೋಗಲು ಸಿಕ್ಕರೆ ಮಾತ್ರ ಬಿಡಬೇಡಿ. ಕಪ್ಪು ಕಲ್ಲನ್ನು ಸಣ್ಣಗೆ ಕೊರೆದು ಅದರಲ್ಲಿ ಮುತ್ತಿನ ಚಿಪ್ಪಿನ ಚೂರುಗಳನ್ನು ಕೂರಿಸಿ ಬಳ್ಳಿ, ಹೂವು, ಅಕ್ಷರ ಬರೆದಿದ್ದಾರೆ. ನೇರ ನಿಂತು ನೋಡಿದರೆ ಬೆಳ್ಳಗೆ ಕಾಣುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಅದರಲ್ಲೇ ನಸುಗೆಂಪು, ಹಸಿರು ಹೊಳೆದು ಹೋಗುತ್ತದೆ. ಜರಿ ಕೆಲಸ ಮಾಡುವ ನನಗೆ ಅಲ್ಲಿಂದ ಕಾಲು ಕೀಳಲು ಆಗಲಿಲ್ಲ. ಅಂಚು ಎಲ್ಲೂ ಎದ್ದಿಲ್ಲ. ಬೆರಳು ಆಡಿಸಿದರೆ ಕಲ್ಲು ಎಲ್ಲಿ ಮುಗಿಯಿತು, ಚಿಪ್ಪು ಎಲ್ಲಿ ಶುರುವಾಯಿತು ಗೊತ್ತೇ ಆಗದು ಅನ್ನಿಸಿತು. ಮುಟ್ಟಬಾರದು, ನಾನೂ ಮುಟ್ಟಲಿಲ್ಲ. ಕಂಬಗಳ ಮರದ ಕೆತ್ತನೆ ಬೇರೆ. ಬ್ಲೌಸಿನ ಬೆನ್ನಿಗೆ ಯಾವ ಡಿಸೈನ್ ಹಾಕಲಿ ಅಂತ ತಲೆ ಕೆಡಿಸಿಕೊಳ್ಳುವ ನಮ್ಮಂಥವರು ಒಮ್ಮೆ ಅಲ್ಲಿಗೆ ಹೋಗಿ ಬರಬೇಕು.

ಹತ್ತು ಗಂಟೆಗೆ ಬಯಲು ಬಿಡಬೇಕು. ಇದು ಕಟ್ಟುನಿಟ್ಟು. ಆಮೇಲೆ ಸೂರಿನ ಕೆಳಗಿನ ಕೆಲಸಗಳು. ಚೌಬಾರಾ ಗಡಿಯಾರದ ಗೋಪುರ ಇರುವುದು ಹಳೆ ಊರಿನ ನಡುವೆ. ಅದರ ಸುತ್ತಿನ ಓಣಿಗಳಲ್ಲಿ ಬಿದರಿ ಕೆಲಸದ ಅಂಗಡಿಗಳಿವೆ. ಹೂಜಿ, ತಟ್ಟೆ ಎಲ್ಲ ಮೊದಲು ಸತು ಮತ್ತು ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದವು. ಅದರ ಮೇಲೆ ಉಳಿಯಿಂದ ಗೀರಿ, ಗೀರಿದ ಜಾಗಕ್ಕೆ ಬೆಳ್ಳಿ ತಂತಿ ಬಡಿಯುತ್ತಾರೆ. ಆಗ ಎಲ್ಲ ಒಂದೇ ಬೂದು ಬಣ್ಣ, ಬೆಳ್ಳಿ ಎಲ್ಲಿದೆ ಅಂತಲೇ ಸರಿಯಾಗಿ ಕಾಣದು. ಕೊನೆಗೆ ಕೋಟೆಯ ಮಣ್ಣನ್ನು ನವಸಾಗರದ ಜೊತೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕುತ್ತಾರೆ. ನೋಡನೋಡುತ್ತಲೇ ಸತು ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹಾಗೇ ಹೊಳೆಯುತ್ತ ನಿಲ್ಲುತ್ತದೆ. ನಮ್ಮ ಮಕ್ಕಳು ಬಾಯಿ ತೆರೆದುಕೊಂಡು ನೋಡಿದವು. ಮಳೆ, ಬಿಸಿಲು ತಾಗದ ಜಾಗದ ಮಣ್ಣೇ ಆಗಬೇಕಂತೆ, ಕಸುಬುದಾರರು ನಾಲಿಗೆಗೆ ಹಚ್ಚಿ ನೋಡಿ ಆರಿಸುತ್ತಾರಂತೆ. 2023ರಲ್ಲಿ ಪದ್ಮಶ್ರೀ ಬಂದ ಶಾ ರಶೀದ್ ಅಹ್ಮದ್ ಖಾದ್ರಿ ಅವರ ಊರು ಇದು. ಟಿವಿಯಲ್ಲಿ ನೋಡಿ ಚಪ್ಪಾಳೆ ಹೊಡೆದ ನಾವು, ಹೋದಾಗ ಒಂದು ಸಣ್ಣ ಕಿವಿಯೋಲೆಯನ್ನಾದರೂ ತಗೊಂಡು ಬರಬೇಕಲ್ವಾ? ಮಹಮೂದ್ ಗವಾನ್ ಮದರಸಾ ಅಲ್ಲೇ ನಡೆಯುವಷ್ಟು ದೂರ. 1472ರಲ್ಲಿ ಕಟ್ಟಿದ್ದು. ಗೋಡೆಯ ಮೇಲೆ ಉಳಿದಿರುವ ನೀಲಿ ಹೆಂಚುಗಳನ್ನು ಬೆಳಗಿನ ಬೆಳಕಿನಲ್ಲೇ ನೋಡಿಬಿಡಿ.

ಮಧ್ಯಾಹ್ನಕ್ಕೆ ಗುರುನಾನಕ್ ಝೀರಾ ಗುರುದ್ವಾರ. ಬೇಸಿಗೆಯ ಮಧ್ಯಾಹ್ನ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ನಮ್ಮ ಕಡೆ ನನಗೆ ಗೊತ್ತಿಲ್ಲ. ಬಂಡೆಯ ಸಂದಿನಿಂದ ಸಿಹಿನೀರಿನ ಒರತೆ ಬರುತ್ತಲೇ ಇರುತ್ತದೆ. ತಲೆಗೆ ಬಟ್ಟೆ ಕಟ್ಟಿಕೊಂಡು ಒಳಗೆ ಹೋದರೆ ಯಾವ ಊರು, ಯಾವ ಜಾತಿ ಅಂತ ಯಾರೂ ಕೇಳುವುದಿಲ್ಲ. ಸಾಲಾಗಿ ಕೂತರೆ ರೊಟ್ಟಿ, ದಾಲ್ ಬಡಿಸುತ್ತಾರೆ, ದುಡ್ಡಿಲ್ಲ. ಅತ್ತೆ ಒರತೆಯ ನೀರು ಮುಖಕ್ಕೆ ಹಾಕಿಕೊಂಡು, "ಈಗ ಜೀವ ಬಂತು ನೋಡ್ವಾ" ಅಂದರು. ಬಿಸಿಲಿನ ಬಗ್ಗೆ ಅವತ್ತು ಅವರಾಡಿದ ಮಾತು ಅದೊಂದೇ. ಊಟ ಆದ ಮೇಲೆ ರೂಮಿಗೆ ಹೋಗಿ ನಾಲ್ಕೂವರೆವರೆಗೆ ನಿದ್ದೆ. ಪ್ರವಾಸಕ್ಕೆ ಹೋಗಿ ಯಾರಾದರೂ ಮಲಗುತ್ತಾರಾ ಅಂತ ನೆಗೆಣ್ಣಿ ಗೊಣಗಿದಳು. ಎಲ್ಲರಿಗಿಂತ ಮೊದಲು ಗೊರಕೆ ಹೊಡೆದವಳೂ ಅವಳೇ. ಅಂದಹಾಗೆ ರೂಮು ಹಿಡಿಯುವಾಗ ಎಸಿ ಇದೆಯಾ ಅಂತ ಕೇಳಿದರೆ ಸಾಲದು, ಕರೆಂಟ್ ಹೋದಾಗ ಫ್ಯಾನಾದರೂ ತಿರುಗುತ್ತದಾ ಅಂತ ಕೇಳಿ. ನಾವಿದ್ದ ಲಾಡ್ಜಿನಲ್ಲಿ ತಿರುಗಲಿಲ್ಲ.

ಸಂಜೆ ಅಷ್ಟೂರು. ಊರಿನಿಂದ ಆಟೋದಲ್ಲಿ ಸ್ವಲ್ಪವೇ ದೂರ. ಹೊಲಗಳ ನಡುವೆ ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಒಂದರ ಗುಮ್ಮಟ ಸಿಡಿಲು ಬಡಿದು ಅರ್ಧ ಕಳಚಿದೆ, ಕತ್ತರಿಸಿದ ಹಣ್ಣಿನ ಹಾಗೆ ಒಳಗೆಲ್ಲ ಕಾಣುತ್ತದೆ. ಅಹ್ಮದ್ ಶಾ ವಲಿಯ ಗೋರಿಯ ಒಳಗೆ ಕತ್ತಲು. ಒಬ್ಬರು ಬಾಗಿಲಲ್ಲಿ ಕನ್ನಡಿ ಹಿಡಿದು, ಇಳಿಬಿಸಿಲನ್ನು ಒಳಗೆ ಹಾಯಿಸಿ ಛಾವಣಿ ತೋರಿಸಿದರು. ಕೆಂಪು, ಚಿನ್ನದ ಬಣ್ಣದ ಚಿತ್ತಾರ ತುಂಡು ತುಂಡಾಗಿ ಕಂಡು ಮರೆಯಾಗುತ್ತಿತ್ತು. ಇಡೀ ದಿನ ಬೈದ ಬಿಸಿಲು ಕೊನೆಗೆ ಒಂದು ಕೆಲಸಕ್ಕೆ ಬಂತು ಅಂತ ನಮ್ಮವರು ನಕ್ಕರು. ಇಲ್ಲಿಯ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಸೇರಿ ಬರುತ್ತಾರೆ, ಕಲಬುರಗಿ ಕಡೆಯ ಜಂಗಮರೊಬ್ಬರು ಮುಂದೆ ನಿಂತು ನಡೆಸುತ್ತಾರೆ. ಅತ್ತೆಗೆ ಈ ಸಂಗತಿ ಚಿಕ್ಕಂದಿನಿಂದ ಗೊತ್ತಂತೆ. ನಮಗೆ ಯಾಕೆ ಹೇಳಿರಲಿಲ್ಲ ಅಂದರೆ, "ನೀವು ಕೇಳಿದ್ರೇನು?" ಅಂದರು.

ನರಸಿಂಹ ಝರಣಿಗೆ ನಾವು ಹೋಗಲಿಲ್ಲ. ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದುಕೊಂಡು ಹೋಗಿ ದೇವರನ್ನು ನೋಡಬೇಕು. ಮಕ್ಕಳಿಗೆ ಆಸೆ ಇತ್ತು. ರಜೆ ದಿನಗಳ ನೂಕುನುಗ್ಗಲಿನಲ್ಲಿ ಸಣ್ಣವರನ್ನು, ವಯಸ್ಸಾದವರನ್ನು ಅಲ್ಲಿಗೆ ಒಯ್ಯಬಾರದು ಅನ್ನುವುದು ನನ್ನ ಅಭಿಪ್ರಾಯ.

ವಾಪಸ್ ಬರುವಾಗ ಹುಮನಾಬಾದಿನಲ್ಲಿ ಇಳಿದರೆ ಜಲಸಂಗಿ ಹತ್ತಿರ. ಚಾಲುಕ್ಯರ ಕಾಲದ ಗುಡಿ, ಹೊರಗೋಡೆಯ ಸುತ್ತ ಶಿಲಾಬಾಲಿಕೆಯರು. ಅವರಲ್ಲೊಬ್ಬಳು ನಮಗೆ ಬೆನ್ನು ತಿರುಗಿಸಿ ನಿಂತು ಶಾಸನ ಬರೆಯುತ್ತಿದ್ದಾಳೆ. ಚಾಲುಕ್ಯ ವಿಕ್ರಮಾದಿತ್ಯನನ್ನು ಹೊಗಳುವ ಮಾತು ಅದು. ನನ್ನ ಮಗಳು ಅವಳ ಪಕ್ಕ ನಿಂತು ಅದೇ ಭಂಗಿಯಲ್ಲಿ ಫೋಟೊ ತೆಗೆಸಿಕೊಂಡಳು. ಬೆಳಿಗ್ಗೆ ಎಂಟರೊಳಗೆ ಹೋದರೆ ಇಂಥದ್ದೆಲ್ಲ ಸಾಧ್ಯ. ತೊಡಕು ಇರುವುದು ಹೋಗುವ ದಾರಿಯದ್ದು. ಹುಮನಾಬಾದಿನಿಂದ ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಾರೆ. ಬಸವಕಲ್ಯಾಣಕ್ಕೆ ಹೋಗುವುದಾದರೆ ಅದಕ್ಕೇ ಒಂದು ಇಡೀ ದಿನ ಇಟ್ಟುಕೊಳ್ಳಿ. 108 ಅಡಿಯ ಬಸವಣ್ಣನ ಮೂರ್ತಿಯ ಮುಂದೆ ಸಂಜೆ ಹೊತ್ತು ನಿಂತರೆ ಚೆನ್ನ.

ಎಲ್ಲವನ್ನೂ ಬೇಸಿಗೆಗೇ ತುರುಕಬೇಕಿಲ್ಲ. ಸನ್ನತಿ–ಕನಗನಹಳ್ಳಿಯ ಬೌದ್ಧ ಸ್ತೂಪ ನಮ್ಮ ನಾಡಿನ ದೊಡ್ಡ ಆಸ್ತಿ. ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪವೇ ಅಲ್ಲಿ ಸಿಕ್ಕಿದೆ. ಆದರೆ ಅದು ಬಟಾಬಯಲು. ಮೇ ತಿಂಗಳಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಬೇಡಿ, ಡಿಸೆಂಬರ್‌ನಲ್ಲಿ ಹೋಗಿ. ಯಾದಗಿರಿ ಕೋಟೆ ಬೆಟ್ಟವನ್ನು ಏಳೂವರೆಯೊಳಗೆ ಹತ್ತಿ ಇಳಿಯುವ ತಾಕತ್ತಿದ್ದರೆ ಸರಿ. ಶಹಾಪುರದ ಬುದ್ಧ ಮಲಗಿದ ಬೆಟ್ಟವನ್ನು ದೂರದಿಂದ ನೋಡಿದರೇ ಚೆಂದ. ಕಲಬುರಗಿಯಲ್ಲೇ ಇರುವವರು ನಮ್ಮ ಕೋಟೆಯ ಜಾಮಿಯಾ ಮಸೀದಿಗೆ ಮಧ್ಯಾಹ್ನವೂ ಹೋಗಬಹುದು. 1367ರದ್ದು. ಬೇರೆ ಮಸೀದಿಗಳಲ್ಲಿ ಇರುವಂತೆ ನಡುವೆ ತೆರೆದ ಅಂಗಳವೇ ಇಲ್ಲ, ಪೂರ್ತಿ ಛಾವಣಿ, ಮೇಲೆ ಗುಮ್ಮಟಗಳು. ಯಾಕೆ ಹಾಗೆ ಕಟ್ಟಿದರು ಅಂತ ಪಂಡಿತರು ಏನಾದರೂ ಹೇಳಲಿ. ಒಳಗೆ ಹೆಜ್ಜೆ ಇಟ್ಟಾಗ ನನಗೆ ತೋಚಿದ್ದು, ಕಟ್ಟಿದವನಿಗೆ ಕಲಬುರಗಿ ಬಿಸಿಲು ಚೆನ್ನಾಗಿ ಗೊತ್ತಿತ್ತು ಅಂತ.

ಇನ್ನು ಕೇಳಬೇಕಾದ ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ಹೊತ್ತು ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಂದ್. ಬಿಸಿಲಿಗೆ ನೌಕರರು ಬಳಲಬಾರದು ಅಂತ. ಒಳ್ಳೆಯದೇ. ಹಾಗಿದ್ದರೆ ಸ್ಮಾರಕ, ವಸ್ತುಸಂಗ್ರಹಾಲಯ, ಬೀಗ ಹಾಕಿಡುವ ಒಳಕೋಣೆಗಳಿಗೂ ಅದೇ ನ್ಯಾಯ ಯಾಕಿಲ್ಲ? ನಾವು ಒಂದು ಕಡೆ ಬೆಳಿಗ್ಗೆ ಏಳಕ್ಕೇ ಹೋದರೆ ಒಳಬಾಗಿಲಿಗೆ ಬೀಗ. ಹೊರಗೆ ಮರ ಇಲ್ಲ, ಕೂರಲು ಕಟ್ಟೆ ಇಲ್ಲ. ಬಾಗಿಲು ತೆಗೆಯುವ ಹೊತ್ತಿಗೆ ಬಿಸಿಲು ನೆತ್ತಿ ಸುಡುತ್ತಿತ್ತು. ಅಲ್ಲಿಯ ಕೆಲಸಗಾರರ ತಪ್ಪಲ್ಲ, ಅವರಿಗೆ ಹೇಳಿದ ಹೊತ್ತಿಗೆ ಅವರು ಬರುತ್ತಾರೆ. ಹೊತ್ತನ್ನು ಹೇಳುವವರು ಬದಲಿಸಬೇಕು. ಬೆಳಿಗ್ಗೆ ಆರೂವರೆಯಿಂದ ಹತ್ತೂವರೆ, ಸಂಜೆ ನಾಲ್ಕರಿಂದ ಏಳು. ನಡುವೆ ಮುಚ್ಚಿಕೊಂಡು ಅವರೂ ವಿಶ್ರಾಂತಿ ತಗೊಳ್ಳಲಿ. ಈ ಎರಡು ತಿಂಗಳು ಮಾತ್ರ ಸಾಕು.

ಟಿಕೆಟ್ ಕೌಂಟರಿನ ಪಕ್ಕ ಒಂದು ಅರವಟ್ಟಿಗೆ ಇರಲಿ. ಇದಕ್ಕೆ ಯೋಜನೆ, ಟೆಂಡರ್ ಏನೂ ಬೇಡ. ನಮ್ಮ ಊರುಗಳಲ್ಲಿ ಬೇಸಿಗೆ ಬಂದರೆ ಅಂಗಡಿಯವರು ತಾವಾಗಿಯೇ ಮಣ್ಣಿನ ಗಡಿಗೆ ಇಟ್ಟು ನೀರು ಕೊಡುತ್ತಾರೆ, ಕೇಳಿದರೆ ಕೋಟೆ ಬಾಗಿಲಿಗೂ ಇಡುತ್ತಾರೆ. ಹೆಣ್ಣುಮಕ್ಕಳಿಗೆ ಶೌಚಾಲಯ ಬೇಕೇ ಬೇಕು. ಅದು ಇಲ್ಲ ಅನ್ನುವ ಭಯಕ್ಕೇ ನಾವು ನೀರು ಕಡಿಮೆ ಕುಡಿಯುತ್ತೇವೆ. ಬಿಸಿಲಲ್ಲಿ ಸುಸ್ತಾಗಿ ಬೀಳುವುದು ಹಾಗೆಯೇ. ಈ ಮಾತನ್ನು ಯಾವ ಪ್ರವಾಸ ಪುಟದಲ್ಲೂ ನಾನು ಓದಿಲ್ಲ. ಹಾಗೇ ರಜೆಯ ಭಾನುವಾರಗಳಲ್ಲಿ ಬೆಳಿಗ್ಗೆ ಐದೂವರೆಗೆ ಹುಮನಾಬಾದಿನಿಂದ ಜಲಸಂಗಿಗೆ, ಬೀದರಿನಿಂದ ಅಷ್ಟೂರಿಗೆ ಒಂದೊಂದು ಬಸ್ ಬಿಡಲಿ. ಜನ ಬರುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಬೇಡಿ. ಹೆಣ್ಣುಮಕ್ಕಳಿಗೆ ಬಸ್ ಫ್ರೀ ಆದ ಮೇಲೆ ನಮ್ಮ ಓಣಿಯ ಮಂದಿ ಎಲ್ಲೆಲ್ಲಿಗೆ ಹೋಗಿ ಬಂದಿದ್ದಾರೆ ಅಂತ ನನ್ನ ಅಂಗಡಿಯಲ್ಲಿ ಕೂತು ಕೇಳಿದರೆ ಗೊತ್ತಾಗುತ್ತದೆ.

ನಿಮ್ಮಲ್ಲಿ ಕೇಳುವುದು ಇಷ್ಟೇ. ಮುಂದಿನ ರಜೆ ಪುಟದಲ್ಲಿ ಪ್ರತಿ ಊರಿನ ಹೆಸರಿನ ಮುಂದೆ ಬಾಗಿಲು ತೆರೆಯುವ ಹೊತ್ತು, ನೆರಳು ಇದೆಯೋ ಇಲ್ಲವೋ, ನೀರು, ಶೌಚಾಲಯ, ಮೊದಲ ಬಸ್ ಮತ್ತು ಕೊನೆಯ ಬಸ್ ಹಾಕಿ. ಫೋಟೊ ಮೇ ತಿಂಗಳಲ್ಲಿ ತೆಗೆದದ್ದೇ ಇರಲಿ. ಯೂನಿಫಾರ್ಮ್ ಅಳತೆ ಕೊಡಲು ಬರುವ ತಾಯಂದಿರು ಬೀದರಿಗೆ ಹೇಗೆ ಹೋದಿರಿ ಅಂತ ಕೇಳುತ್ತಲೇ ಇದ್ದಾರೆ, ಎಲ್ಲರಿಗೂ ಬಾಯಲ್ಲಿ ಹೇಳಿ ಸಾಕಾಗಿದೆ. ನೀವು ಅಚ್ಚು ಹಾಕಿದರೆ ಕತ್ತರಿಸಿ ಅಂಗಡಿ ಗೋಡೆಗೆ ಅಂಟಿಸಿಬಿಡುತ್ತೇನೆ.

ಇಂತಿ,
ನಿಮ್ಮ ಓದುಗಳು,
ಶಹಾಬಜಾರ, ಕಲಬುರಗಿ